ಡ್ರೂಪಲ್‌ನಿಂದ ಪುಶ್ ಸರ್ವರ್‌ಗೆ: ಮತ ಎಣಿಕೆಯ ದಿನಕ್ಕೆ ಮಾಡಿಕೊಂಡ ಸಿದ್ಧತೆ

2023ರ ಮೇ 13ರಂದು ಕರ್ನಾಟಕ ವಿಧಾನಸಭಾ ಚುನಾವಣೆಯ ಮತ ಎಣಿಕೆ ನಿಗದಿಯಾಗಿತ್ತು. ಆಗ ನಾನು ನೋಡಿಕೊಳ್ಳುತ್ತಿದ್ದ ಜಿಲ್ಲಾ ಸುದ್ದಿತಾಣ ಡ್ರೂಪಲ್ ಎಂಬ, ಜಾಲತಾಣದ ಲೇಖನಗಳನ್ನು ನಿರ್ವಹಿಸುವ ತಂತ್ರಾಂಶದಲ್ಲಿ ನಡೆಯುತ್ತಿತ್ತು. ಅದರ ನೇರ ವರದಿಯ ಪುಟ ತೆರೆದಿದ್ದಷ್ಟು ಹೊತ್ತೂ ಪ್ರತಿಯೊಬ್ಬ ಓದುಗರ ಬ್ರೌಸರ್ 15 ಸೆಕೆಂಡಿಗೊಮ್ಮೆ ಸರ್ವರನ್ನು ‘ಹೊಸದೇನಾದರೂ ಇದೆಯೇ’ ಎಂದು ಕೇಳುತ್ತಿತ್ತು. ಉತ್ತರ ಬಹುತೇಕ ‘ಇಲ್ಲ’ ಎಂದೇ ಇರುತ್ತಿದ್ದರೂ, ಆ ಉತ್ತರಕ್ಕಾಗಿ ಪ್ರತಿ ಸಲವೂ ಪಿಎಚ್‌ಪಿ (ಡ್ರೂಪಲ್ ಅನ್ನು ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಮತ್ತು ಡೇಟಾಬೇಸ್ ಎರಡೂ ದುಡಿಯಬೇಕಿತ್ತು. ಎಣಿಕೆಯ ದಿನದ ದಟ್ಟಣೆಗೆ ಇದು ತಾಳುವುದಿಲ್ಲವೆಂದು ಅನಿಸಿದ್ದರಿಂದ, ಸುದ್ದಿ ಬಂದಾಗ ಸರ್ವರ್ ತಾನಾಗಿಯೇ ಓದುಗರಿಗೆ ತಲುಪಿಸುವ ಪುಶ್ ವ್ಯವಸ್ಥೆಯತ್ತ ಹೊರಳಿದೆ.

ಎಂಜಿನ್‌ಎಕ್ಸ್ ವೆಬ್ ಸರ್ವರ್ ಆಗಲೇ ಇದ್ದುದರಿಂದ ಅದಕ್ಕೆ ಸೇರಿಸಬಹುದಾದ, ಪುಶ್ ಕೆಲಸ ಮಾಡುವ ಎನ್‌ಚಾನ್ ಎಂಬ ಮಾಡ್ಯೂಲನ್ನೇ ಆರಿಸಿಕೊಂಡೆ. ಕಾನ್ಫಿಗರೇಶನ್ ಕಡತದಲ್ಲಿ ಎರಡು ವಿಳಾಸಗಳನ್ನು ಕೊಟ್ಟೆ: ಡ್ರೂಪಲ್ ಎಚ್‌ಟಿಟಿಪಿ ಪೋಸ್ಟ್ (ಸರ್ವರಿಗೆ ಮಾಹಿತಿ ಕಳುಹಿಸುವ ವೆಬ್ ಕೋರಿಕೆ) ಮೂಲಕ ಸುದ್ದಿಯನ್ನು ಹಾಕುವ ಪ್ರಕಾಶಕ ವಿಳಾಸ ಒಂದು, ಓದುಗರ ಬ್ರೌಸರ್ ಈವೆಂಟ್‌ಸೋರ್ಸ್ (ಸಂಪರ್ಕವನ್ನು ತೆರೆದಿಟ್ಟುಕೊಂಡು ಸಂದೇಶಕ್ಕೆ ಕಾಯುವ ಬ್ರೌಸರ್ ಸೌಲಭ್ಯ) ಮೂಲಕ ಕಿವಿಗೊಡುವ ವಿಳಾಸ ಇನ್ನೊಂದು. ಮೊದಲನೆಯದಕ್ಕೆ 127.0.0.1ರಿಂದ, ಅಂದರೆ ಅದೇ ಸರ್ವರಿನ ಒಳಗಿನಿಂದ, ಮಾತ್ರ ಪ್ರವೇಶವಿರಬೇಕು. ಅದು ತೆರೆದಿದ್ದರೆ ಯಾರು ಬೇಕಾದರೂ ನಮ್ಮ ಪುಟದಲ್ಲಿ ತಮಗಿಷ್ಟವಾದ ಅಭ್ಯರ್ಥಿಯನ್ನು ಗೆಲ್ಲಿಸಬಹುದಿತ್ತು.

ಡ್ರೂಪಲ್ ಬದಿಯ ಮಾಡ್ಯೂಲನ್ನು ನಾನೇ ಬರೆದೆ. ಸೆಟ್ಟಿಂಗ್ಸ್ ಪುಟದಲ್ಲಿ ಪ್ರಕಾಶಕ ವಿಳಾಸ, ಚಾನೆಲ್ (ಸಂದೇಶಗಳು ಹರಿಯುವ ವಾಹಿನಿ) ಹೆಸರು, ಯಾವ ಬಗೆಯ ಲೇಖನ ಹೊರಹೋಗಬೇಕು ಎಂಬ ಮೂರೇ ಅಂಶಗಳಿದ್ದವು. ಲೇಖನ ಸೇವ್ ಆದಾಗ ಚಾಲನೆಗೊಳ್ಳುವ ಹುಕ್‌ನಲ್ಲಿಯೇ (ನಮ್ಮ ಕೋಡ್ ಸೇರಿಸಲು ಡ್ರೂಪಲ್ ಕೊಡುವ ಜಾಗ) ಪೋಸ್ಟ್ ಮಾಡುವ ಸಾಲು ಸೇರಿಸಿ, ಕೆಲಸ ಮುಗಿಯಿತೆಂದುಕೊಂಡೆ. ತೊಂದರೆಗಳೆಲ್ಲ ಶುರುವಾದದ್ದು ಆ ಒಂದು ಸಾಲಿನಿಂದಲೇ.

ಪರೀಕ್ಷೆಗೆಂದು ಬರೆದ ಕರಡು ಲೇಖನವೂ ಹೊರಗೆ ಹೋಗಿಬಿಟ್ಟಿತು, ಏಕೆಂದರೆ ಲೇಖನ ಪ್ರಕಟವಾಗಿದೆಯೋ ಇಲ್ಲವೋ ಎಂಬುದನ್ನು ಆ ಹುಕ್ ನೋಡುವುದಿಲ್ಲ. ಅದನ್ನು ನಾವೇ ಪರಿಶೀಲಿಸಬೇಕು. ಮುಂದೆ ಪುಶ್ ಸರ್ವರ್ ಪ್ರತಿಕ್ರಿಯಿಸದಂತೆ ಮಾಡಿ ನೋಡಿದಾಗ, ಡ್ರೂಪಲ್‌ನ ಎಚ್‌ಟಿಟಿಪಿ ಕ್ಲೈಂಟ್ ತನ್ನ ಪೂರ್ವನಿಗದಿತ 30 ಸೆಕೆಂಡುಗಳ ಕಾಲ ಕಾಯುತ್ತ ಕುಳಿತಿತ್ತು, ಅಷ್ಟೂ ಹೊತ್ತು ಸಂಪಾದಕರ ಸೇವ್ ಬಟನ್ ಸುತ್ತುತ್ತಲೇ ಇತ್ತು.

ನನ್ನನ್ನು ಎರಡು ದಿನ ಕಾಡಿದ್ದು ಮಾತ್ರ ಮೂರನೆಯ ದೋಷ. ಪುಶ್ ಸಂದೇಶದಲ್ಲಿ ಲೇಖನದ ಸಂಖ್ಯೆಯನ್ನಷ್ಟೇ ಕಳುಹಿಸಿ, ಉಳಿದುದನ್ನು ಬ್ರೌಸರ್ ತಾನೇ ತರಿಸಿಕೊಳ್ಳುವಂತೆ ಮಾಡಿದ್ದೆ. ಒಮ್ಮೊಮ್ಮೆ ಬ್ರೌಸರಿಗೆ ಹೊಸ ಲೇಖನವೇ ಸಿಗುತ್ತಿರಲಿಲ್ಲ. ಡ್ರೂಪಲ್ ಲೇಖನವನ್ನು ಉಳಿಸುವುದು ಒಂದು ಡೇಟಾಬೇಸ್ ಟ್ರಾನ್ಸಾಕ್ಷನ್‌ನೊಳಗೆ (ಪೂರ್ತಿ ಮುಗಿಯುವವರೆಗೆ ಬದಲಾವಣೆ ಹೊರಗಿನವರಿಗೆ ಕಾಣದು), ನನ್ನ ಹುಕ್ ನಡೆಯುವುದೂ ಅದರೊಳಗೇ. ಹೀಗಾಗಿ ಆ ಟ್ರಾನ್ಸಾಕ್ಷನ್ ಮುಗಿಯುವ ಮುನ್ನವೇ ಸಂದೇಶ ಓದುಗರನ್ನು ತಲುಪಿ, ಅವರ ಬ್ರೌಸರ್ ಇನ್ನೂ ಅಸ್ತಿತ್ವಕ್ಕೆ ಬಾರದ ಲೇಖನವನ್ನು ಕೇಳುತ್ತಿತ್ತು. ಕೊನೆಗೆ ಹುಕ್‌ನಲ್ಲಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸಂಪಾದಕರಿಗೆ ಉತ್ತರ ಹೋದ ಬಳಿಕ ನಡೆಯುವ ಟರ್ಮಿನೇಟ್ ಹಂತದಲ್ಲಿ ಪೋಸ್ಟ್ ಮಾಡುವಂತೆ ಬದಲಿಸಿದೆ. ಇದರಿಂದ ಸೇವ್ ಬಟನ್‌ನ ಕಾಯುವಿಕೆಯೂ ತಪ್ಪಿತು. ಆದರೂ ಪಿಎಚ್‌ಪಿ ಪ್ರಕ್ರಿಯೆ ಸುಮ್ಮನೆ ಸಿಕ್ಕಿಕೊಳ್ಳಬಾರದೆಂದು ಕಾಯುವ ಅವಧಿಯನ್ನು 2 ಸೆಕೆಂಡಿಗೆ ಇಳಿಸಿದೆ.

ಮುಂದೆ ಶೀರ್ಷಿಕೆಯನ್ನೂ ಸಂದೇಶದಲ್ಲಿ ಸೇರಿಸಿದಾಗ ಕನ್ನಡದಂತಹ ಲಿಪಿಗಳಲ್ಲಿ ಎದುರಾಗುವ ಒಂದು ಸಂಗತಿ ಕಂಡಿತು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ‘ಕ’ 3 ಬೈಟ್‌ಗಳಷ್ಟೇ. ಸಂದೇಶವನ್ನು ಜೇಸನ್ ಎಂಬ ಪಠ್ಯರೂಪಕ್ಕೆ ಇಳಿಸುವ ಪಿಎಚ್‌ಪಿಯ ಫಂಕ್ಷನ್ ಅದನ್ನು 6 ಚಿಹ್ನೆಗಳ, ಅಂದರೆ 6 ಬೈಟ್‌ಗಳ, ಸಂಕೇತವಾಗಿ ಬರೆಯುತ್ತದೆ. ಒತ್ತಕ್ಷರ, ಸ್ವರಚಿಹ್ನೆಗಳಿಗೂ ಇದೇ ಲೆಕ್ಕ. ಯೂನಿಕೋಡ್ ಅಕ್ಷರಗಳನ್ನು ಹಾಗೆಯೇ ಬಿಡುವ ಆಯ್ಕೆಯನ್ನು ಕೊಟ್ಟಾಗ ಶೀರ್ಷಿಕೆಯ ಗಾತ್ರ ಸುಮಾರು ಅರ್ಧಕ್ಕಿಳಿಯಿತು.

ಎನ್‌ಚಾನ್‌ನ ಪೂರ್ವನಿಗದಿತ ಮೌಲ್ಯಗಳಲ್ಲಿ ಎರಡನ್ನು ಬದಲಿಸಿದೆ. ಅದು ಒಂದು ಚಾನೆಲ್‌ನಲ್ಲಿ 10 ಸಂದೇಶಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ; ಮೊಬೈಲ್ ಸಿಗ್ನಲ್ ಕಡಿದು ಮರಳಿ ಬರುವ ಓದುಗರಿಗೆ ತಪ್ಪಿದ್ದೆಲ್ಲ ಸಿಗಲೆಂದು ಅದನ್ನು 100ಕ್ಕೆ ಏರಿಸಿದೆ. ಹೊಸದಾಗಿ ಬಂದವರಿಗೆ ಅತ್ಯಂತ ಹಳೆಯ ಸಂದೇಶದಿಂದ ಆರಂಭಿಸುವುದು ಅದರ ರೂಢಿ. ಪುಟದಲ್ಲಿ ಆಗಲೇ ಇದ್ದ ಶೀರ್ಷಿಕೆಗಳು ಎರಡೆರಡು ಸಲ ಕಾಣುತ್ತಿದ್ದುದರಿಂದ ಅದನ್ನು ‘ಹೊಸತು ಬಂದಾಗ ಮಾತ್ರ’ ಎಂದು ಬದಲಾಯಿಸಿದೆ. ಪೋಸ್ಟ್‌ಗೆ ಉತ್ತರವಾಗಿ 201 ಎಂಬ ಸಂಕೇತಸಂಖ್ಯೆಯ ಬದಲು 202 ಬಂದರೆ ಗಾಬರಿಯಾಗಬೇಕಿಲ್ಲ, ಆ ಕ್ಷಣದಲ್ಲಿ ಕೇಳುಗರು ಯಾರೂ ಇಲ್ಲ ಎಂದಷ್ಟೇ ಅದರರ್ಥ. ನಾನು ಮಾತ್ರ ಒಂದಿಡೀ ಸಂಜೆ ಅದನ್ನು ದೋಷವೆಂದೇ ಭಾವಿಸಿ ಹುಡುಕಿದ್ದೆ.

ಎಣಿಕೆಗೆ ಮೂರು ದಿನ ಮುಂಚೆ ನಮ್ಮ ಸಿಬ್ಬಂದಿಯೊಬ್ಬರು ‘ಸೈಟೇ ತೆರೆಯುತ್ತಿಲ್ಲ’ ಎಂದು ದೂರಿದರು. ಹೋಗಿ ನೋಡಿದರೆ, ಅವರ ಬ್ರೌಸರಿನಲ್ಲಿ ನೇರ ವರದಿಯ ಪುಟ ಆರು ಟ್ಯಾಬ್‌ಗಳಲ್ಲಿ ತೆರೆದಿತ್ತು. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿಯ ಹಳೆಯ ಆವೃತ್ತಿಯಾದ ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್‌ಗಳು ಒಂದು ತಾಣಕ್ಕೆ ಸಾಮಾನ್ಯವಾಗಿ 6 ಸಂಪರ್ಕಗಳನ್ನಷ್ಟೇ ಇಟ್ಟುಕೊಳ್ಳುತ್ತವೆ. ಆರನ್ನೂ ಈವೆಂಟ್‌ಸೋರ್ಸ್ ಹಿಡಿದಿಟ್ಟುಕೊಂಡಿದ್ದರಿಂದ ಏಳನೆಯ ಪುಟಕ್ಕೆ ದಾರಿಯೇ ಉಳಿದಿರಲಿಲ್ಲ. ಅಂದು ರಾತ್ರಿಯೇ, ಒಂದೇ ಸಂಪರ್ಕದಲ್ಲಿ ಹಲವು ಕೋರಿಕೆಗಳನ್ನು ಸಾಗಿಸುವ ಎಚ್‌ಟಿಟಿಪಿ 2 ಸಕ್ರಿಯಗೊಳಿಸಿ, ಅವರ ಯಂತ್ರದಲ್ಲೇ ಹತ್ತು ಟ್ಯಾಬ್ ತೆರೆದು ನೋಡಿದೆ, ಎಲ್ಲವೂ ತೆರೆದವು.