ಕಚ್ಚುವ ಮೊಲ ತಾನಾಗಿ ಗೂಡು ಸೇರಬೇಕೆ? ಹಿಡಿಯಲು ಹೋಗಬೇಡಿ

ಮೊಲವನ್ನು ಮನೆಯೊಳಗೆ ಓಡಾಡಲು ಬಿಡುವುದು ಸುಲಭ. ವಾಪಸ್ ಗೂಡಿಗೆ ಸೇರಿಸುವುದೇ ಪಜೀತಿ. ಒಬ್ಬರು ಸೋಫಾದ ಕೆಳಗೆ ಪೊರಕೆ ಆಡಿಸುತ್ತಾರೆ, ಇನ್ನೊಬ್ಬರು ಟವೆಲ್ ಹಿಡಿದು ಮೂಲೆಯಲ್ಲಿ ಕಾಯುತ್ತಾರೆ. ಮೊಲ ಗುರ್ರೆನ್ನುತ್ತದೆ, ಹಿಂಗಾಲು ನೆಲಕ್ಕೆ ಬಡಿಯುತ್ತದೆ, ಸಿಕ್ಕ ಕೈಯನ್ನು ಕಚ್ಚುತ್ತದೆ. ಹೇಗೋ ಒಳಗೆ ತಳ್ಳಿ ಬಾಗಿಲು ಹಾಕಿದರೆ ಆ ದಿನದ ಗಲಾಟೆ ಮುಗಿಯಿತು. ಮರುದಿನ ಅದೇ ಮೊಲ ಇನ್ನೂ ಜೋರಾಗಿ ಕಚ್ಚುತ್ತದೆ. ಈ ಅಟ್ಟಾಟ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎಲ್ಲರದೂ ಒಂದೇ ದೂರು: ‘ನಮ್ಮ ಮೊಲಕ್ಕೆ ಸಿಟ್ಟು ಜಾಸ್ತಿ.’

ಮೊಲದ ಲೆಕ್ಕ ನೋಡಿ. ಮನುಷ್ಯರ ಕೈ ಹತ್ತಿರ ಬಂತು ಎಂದರೆ ಓಡಾಟ ಬಂದ್. ಗೂಡಿಗೆ ಕಾಲಿಟ್ಟರೆ ಹಿಂದಿನಿಂದ ಬಾಗಿಲು ಬೀಳುತ್ತದೆ. ದಿನಾ ಹೀಗೇ ಆದರೆ ಅದು ಯಾಕೆ ಒಳಗೆ ಹೋಗಬೇಕು? ಈ ಲೆಕ್ಕ ಬದಲಾಗುವಂತೆ ಮಾಡಿದರೆ ಸಾಕು, ಹಿಡಿಯುವ ಕೆಲಸವೇ ಇರುವುದಿಲ್ಲ. ಆದರೆ ಇದಕ್ಕೆ ಕೆಲವು ವಾರ ಬೇಕು.

1. ಮೊದಲು ಪಶುವೈದ್ಯರು

ಸಾಧುವಾಗಿದ್ದ ಮೊಲ ಇದ್ದಕ್ಕಿದ್ದಂತೆ ಕಚ್ಚಲು ಶುರು ಮಾಡಿದರೆ ನೋವಿದೆಯೇ ಎಂದು ನೋಡಿಸಿ. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಸರಿಯಾಗಿ ಸವೆಯದಿದ್ದರೆ ಬಾಯಿ ಹುಣ್ಣಾಗುತ್ತದೆ. ಪಾದದಡಿಯ ಹುಣ್ಣು, ಕಿವಿಯ ನುಸಿ ಇದ್ದರೂ ಮುಟ್ಟಿಸಿಕೊಳ್ಳುವುದಿಲ್ಲ.

ನೋವಿಲ್ಲ, ವಯಸ್ಸು ನಾಲ್ಕರಿಂದ ಆರು ತಿಂಗಳ ಆಸುಪಾಸು ಅಂದರೆ ಪ್ರಾಯಕ್ಕೆ ಬಂದಿದೆ ಎಂದರ್ಥ. ಆಗ ಗೂಡು ‘ನನ್ನದು’ ಎಂಬ ಹಟ ಶುರುವಾಗುತ್ತದೆ. ಸಂತಾನಹರಣ ಆಪರೇಷನ್ ಮಾಡಿಸಿದರೆ ಈ ಜಗಳಗಂಟತನ ಬಹಳ ಮಟ್ಟಿಗೆ ಇಳಿಯುತ್ತದೆ. ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಪಾಯವೂ ತಪ್ಪುತ್ತದೆ. ಆದರೆ ಹಾರ್ಮೋನು ಇಳಿಯಲು ಕೆಲವು ವಾರ ಹಿಡಿಯುತ್ತದೆ. ಆಪರೇಷನ್ ಆದ ಮರುದಿನವೇ ಸಾಧು ಆಗಲಿಲ್ಲ ಎಂದು ಬೈದುಕೊಳ್ಳಬೇಡಿ.

2. ಗೂಡು ಒಳಗೆ ಹೋಗಬೇಕು ಅನಿಸುವಂತಿರಲಿ

ಬಾಗಿಲು ನೆಲದ ಮಟ್ಟಕ್ಕಿರಲಿ. ಮೇಲಿನಿಂದ ತೆರೆಯುವ ಗೂಡಾದರೆ ಪ್ರತಿ ಸಲ ಎತ್ತಲೇಬೇಕು, ಅಲ್ಲಿಗೆ ಈ ಲೇಖನವೇ ದಂಡ. ತಂತಿ ತಳದ ಗೂಡುಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಮೊಲದ ಪಾದಕ್ಕೆ ನಾಯಿ, ಬೆಕ್ಕುಗಳಿಗಿರುವಂತೆ ಮೆತ್ತೆ ಇರುವುದಿಲ್ಲ, ರೋಮವಷ್ಟೇ. ತಂತಿಯ ಮೇಲೆ ನಿಂತು ನಿಂತು ಹುಣ್ಣಾಗುತ್ತದೆ. ಗೂಡಿಗೆ ಹೋಗುವ ದಾರಿ ನುಣುಪಾದ ಟೈಲ್ಸ್ ಆಗಿದ್ದರೆ ಒಂದು ಚಾಪೆ ಹಾಸಿ. ಕಾಲು ಜಾರುವ ಕಡೆ ಮೊಲ ಹೆಜ್ಜೆ ಇಡುವುದಿಲ್ಲ.

ಒಣಹುಲ್ಲು, ನೀರು, ಕಕ್ಕಸಿನ ತಟ್ಟೆ ಎಲ್ಲ ಒಳಗೇ ಇರಲಿ. ಮೊಲ ಒಳಗಿರುವಾಗ ಗೂಡು ಗುಡಿಸಲು ಹೋಗಬೇಡಿ. ಕಡಿತ ಆಗುವುದು ಹೆಚ್ಚಾಗಿ ಇಲ್ಲೇ. ತಪ್ಪು ಮಾಡಿದ್ದಕ್ಕೆ ಶಿಕ್ಷೆ ಎಂದು ಗೂಡಿಗೆ ಹಾಕುವುದಂತೂ ಬೇಡವೇ ಬೇಡ.

3. ಒಂದು ಸದ್ದು, ಒಂದು ತಿಂಡಿ

ಪೆಲೆಟ್ (ಮೊಲಕ್ಕೆಂದೇ ಮಾರುವ ಕಾಳಿನಂಥ ಒಣ ಆಹಾರ) ಇರುವ ಡಬ್ಬಿ ಅಲ್ಲಾಡಿಸಿ, ಎರಡು ಕಾಳು ಗೂಡಿನೊಳಗಿನ ತಿಂಡಿ ತಟ್ಟೆಗೆ ಹಾಕಿ, ದೂರ ಸರಿಯಿರಿ. ಇಷ್ಟೇ. ಹೆಸರು ಕೂಗಿ ಕರೆಯಬಹುದು ಎನ್ನುವವರಿದ್ದಾರೆ. ನನ್ನ ಓಟು ಡಬ್ಬಿಗೆ. ತಡವಾದಾಗ ನಮ್ಮ ದನಿಯಲ್ಲಿ ಸಿಟ್ಟು ಇಣುಕುತ್ತದೆ, ಡಬ್ಬಿಗೆ ಸಿಟ್ಟು ಬರುವುದಿಲ್ಲ.

ದಿನದ ಪೆಲೆಟ್ಟನ್ನೇ ಉಳಿಸಿಕೊಂಡು ಈ ಪಾಠಕ್ಕೆ ಬಳಸಿ. ಪುದೀನ, ಕೊತ್ತಂಬರಿ ಎಲೆಯೂ ಆದೀತು. ಕ್ಯಾರೆಟ್, ಬಾಳೆಹಣ್ಣು ಸಿಹಿ ಜಾಸ್ತಿ, ಉಗುರಿನಷ್ಟು ಸಾಕು. ಮೊಲಕ್ಕೆಂದೇ ಮಾರುವ ಮೊಸರಿನ ಮಿಠಾಯಿ ಉಂಡೆಗಳನ್ನು ಮಾತ್ರ ಮನೆಗೆ ತರಬೇಡಿ. ಹಾಲು, ಸಕ್ಕರೆ ಎರಡೂ ಅದರ ಹೊಟ್ಟೆಗೆ ಆಗಿಬರುವುದಿಲ್ಲ.

ಹಸಿವಾದರೆ ಬೇಗ ಬರುತ್ತದೆ ಎಂದು ಉಪವಾಸ ಕೆಡವುವ ಐಡಿಯಾ ಕೆಲವರಿಗೆ ಹೊಳೆಯುತ್ತದೆ. ಇದು ಪ್ರಾಣಕ್ಕೇ ಕುತ್ತು. ಮೊಲದ ಕರುಳು ಸದಾ ಓಡುತ್ತಿರಬೇಕು. ಸುಮಾರು ಅರ್ಧ ದಿನ ಏನೂ ತಿನ್ನದಿದ್ದರೆ ಅದು ತುರ್ತು ಚಿಕಿತ್ಸೆಯ ವಿಷಯ. ಒಣಹುಲ್ಲು ಯಾವ ಹೊತ್ತಿನಲ್ಲೂ ಸಿಗುತ್ತಲೇ ಇರಲಿ.

4. ಬಾಗಿಲು: ಎಲ್ಲರೂ ಎಡವುವ ಜಾಗ

ಮೂರು ದಿನ ಡಬ್ಬಿ ಅಲ್ಲಾಡಿಸಿದರು, ಮೊಲ ಒಳಗೆ ಹೋಯಿತು, ಖುಷಿಯಲ್ಲಿ ಓಡಿಬಂದು ಟಪ್ ಎಂದು ಚಿಲಕ ಹಾಕಿದರು. ನಾಲ್ಕನೇ ದಿನ ಡಬ್ಬಿ ಸದ್ದು ಕೇಳಿದರೆ ಮೊಲ ಮಂಚದ ಕೆಳಗೆ! ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹಾಗಾಗಿ ಬಾಗಿಲನ್ನು ಮೊದಲು ಮರೆತುಬಿಡಿ. ಸದ್ದು ಕೇಳಿ ಓಡಿಬಂದು, ತಿಂದು, ಆರಾಮಾಗಿ ಹೊರಗೆ ಹೋಗುವುದು ಅಭ್ಯಾಸವಾಗುವವರೆಗೆ ಬಾಗಿಲು ಮುಟ್ಟಲೇಬಾರದು. ಮುಂಜಾವು, ಮುಸ್ಸಂಜೆ ಹೊತ್ತು ಒಳ್ಳೆಯದು, ಮೊಲ ಚುರುಕಾಗಿರುವುದು ಆಗಲೇ.

ನಂತರ ಅದು ತಿನ್ನುತ್ತಿರುವಾಗ ಗೂಡಿನ ಪಕ್ಕ ಸುಮ್ನೆ ಕುಳಿತುಕೊಳ್ಳಿ. ನಿಲ್ಲಬೇಡಿ. ಅದು ಬೇರೆ ಪ್ರಾಣಿಗಳ ಬಾಯಿಗೆ ತುತ್ತಾಗುವ ಜೀವಿ, ಮೇಲಿನಿಂದ ನೆರಳು ಬಿದ್ದರೆ ಹದ್ದು ಬಂತು ಎಂದೇ ಅದರ ಮೈ ನಡುಗುತ್ತದೆ. ನೀವು ಕುಳಿತಿದ್ದರೂ ತಿನ್ನುತ್ತಿದೆಯೇ? ಹಾಗಾದರೆ ಬಾಗಿಲನ್ನು ಒಂದು ಬೆರಳಿನಷ್ಟು ಅಲುಗಿಸಿ, ಬಿಡಿ. ತಲೆ ಎತ್ತಿ ನೋಡಿದರೆ ಅವತ್ತಿಗೆ ಅಷ್ಟೇ ಸಾಕು. ನೋಡದೆ ತಿನ್ನುತ್ತಲೇ ಇದ್ದರೆ ಮರುದಿನ ಅರ್ಧ ಮುಚ್ಚಿ, ತೆರೆಯಿರಿ. ಆಮೇಲೆ ಪೂರ್ತಿ ಮುಚ್ಚಿ, ತಕ್ಷಣ ತೆರೆಯಿರಿ. ಚಿಲಕದ ಸದ್ದನ್ನು ಬೇರೆಯಾಗಿಯೇ ಕಲಿಸಬೇಕು: ಬಾಗಿಲು ತೆರೆದಿರುವಾಗಲೇ ಚಿಲಕ ಆಡಿಸಿ, ಒಂದು ಕಾಳು ಕೊಡಿ. ಕಿರುಗುಟ್ಟುವ ತಿರುಗಣಿಗೆ ಒಂದು ತೊಟ್ಟು ಅಡುಗೆ ಎಣ್ಣೆ ಬಿಟ್ಟರೆ ಅರ್ಧ ಕೆಲಸ ಹಗುರ.

ಮುಚ್ಚಿದ ಬಾಗಿಲು ತೆರೆಯುವಾಗಲೂ ಒಂದು ನಿಯಮ ಇದೆ. ಮೊಲ ತಿಂದು ಮುಗಿಸಿ ತಂತಿ ಕಡಿಯಲು ಶುರು ಮಾಡುವ ಮೊದಲೇ ತೆರೆದುಬಿಡಿ. ಕಡಿದ ಮೇಲೆ ತೆರೆದರೆ, ಕಡಿದರೆ ತೆರೆಯುತ್ತಾರೆ ಎಂದು ಅದು ಕಲಿಯುತ್ತದೆ. ಆಮೇಲೆ ರಾತ್ರಿಯಿಡೀ ತಂತಿ ಸಂಗೀತ. ಕ್ಷಣಗಳಿಂದ ನಿಮಿಷಗಳಿಗೆ, ನಿಮಿಷಗಳಿಂದ ಗಂಟೆಗೆ ನಿಧಾನವಾಗಿ ಹೋಗಿ.

ರಾತ್ರಿಗೆ ಬಾಗಿಲು ಹಾಕುವುದು ರೂಢಿಯಾದ ಮೇಲೂ ನಡುನಡುವೆ ಡಬ್ಬಿ ಅಲ್ಲಾಡಿಸಿ, ತಿನ್ನಿಸಿ, ಬಾಗಿಲು ಹಾಕದೆ ಬಿಟ್ಟುಬಿಡಿ. ಇದನ್ನು ತಪ್ಪಿಸುವವರೇ ಹೆಚ್ಚು. ಹತ್ತು ಸಲ ಕರೆದರೆ ಎಂಟು ಸಲವಾದರೂ ಬಾಗಿಲು ತೆರೆದೇ ಇರಬೇಕು ಎಂಬುದು ನನ್ನ ಹಟ.

5. ಈ ಮಧ್ಯೆ ಕೈ ಹೇಗಿರಬೇಕು

ಮೊಲದ ಕಣ್ಣು ತಲೆಯ ಎರಡು ಪಕ್ಕಕ್ಕಿದೆ. ಸುತ್ತಮುತ್ತ ಎಲ್ಲ ಕಾಣುತ್ತದೆ, ಮೂಗಿನ ಎದುರಿಗಿರುವುದೇ ಕಾಣುವುದಿಲ್ಲ. ಅಲ್ಲಿಗೆ ಬೆರಳು ಹಿಡಿದರೆ ಕಚ್ಚಿಸಿಕೊಳ್ಳುತ್ತೀರಿ. ಪಕ್ಕದಿಂದ, ಕಾಣುವಂತೆ ಕೈ ತನ್ನಿ. ಕಿವಿ ಹಿಂದಕ್ಕೆ ಅಂಟಿಸಿ, ಬಾಲ ಎತ್ತಿ ನಿಂತಿದ್ದರೆ ಕೈ ತರಲೇಬೇಡಿ. ಕಚ್ಚಿದರೆ ಚಿಕ್ಕದಾಗಿ ‘ಈಂ’ ಎನ್ನಿ, ಎದ್ದು ಹೋಗಬೇಡಿ, ಹೊಡೆಯಬೇಡಿ. ಎದ್ದು ಓಡಿದರೆ ಗೆದ್ದೆ ಅಂದುಕೊಳ್ಳುತ್ತದೆ. ಮುಖಕ್ಕೆ ನೀರು ಚಿಮುಕಿಸುವ ಬಾಟಲಿಯನ್ನು ಗಿಡಕ್ಕೆ ಬಳಸಿ.

ಇವತ್ತೇ ಒಳಗೆ ಹೋಗಬೇಕಾದರೆ?

ಕಲಿಕೆ ಮುಗಿಯುವ ಮೊದಲೇ ತುರ್ತು ಬರುವುದುಂಟು. ಆಗ ಎರಡು ದೊಡ್ಡ ರಟ್ಟು ತೆಗೆದುಕೊಳ್ಳಿ. ನೆಲಕ್ಕೆ ತಾಗಿಸಿ ಹಿಡಿದು, ಓಡಿಸದೆ, ಜಾಗವನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡುತ್ತಾ ಗೂಡಿನ ಕಡೆಗೆ ಓಣಿಯಂತೆ ಮಾಡಿ. ರಟ್ಟು ಇಲ್ಲದಿದ್ದರೆ ಎರಡೂ ಕಡೆ ತೂತಿರುವ ಪೆಟ್ಟಿಗೆ ಇಡಿ. ಮೊಲ ತಾನಾಗಿ ಅದರೊಳಗೆ ಅಡಗುತ್ತದೆ, ತೂತು ಮುಚ್ಚಿ ಪೆಟ್ಟಿಗೆ ಸಮೇತ ಸಾಗಿಸಿ.

ಎತ್ತಲೇಬೇಕಾದರೆ ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗದಡಿ, ಮೈಗೆ ಒತ್ತಿಕೊಂಡು. ಹಿಂಗಾಲು ಜೋತಾಡುವಂತೆ ಬಿಟ್ಟರೆ ಅದು ಒದ್ದ ರಭಸಕ್ಕೆ ಅದರದೇ ಬೆನ್ನುಮೂಳೆ ಮುರಿಯಬಹುದು. ಕಿವಿ ಹಿಡಿದು ಎತ್ತುವುದು ಯಾವತ್ತೂ ಇಲ್ಲ. ಅಂಗಾತ ಮಲಗಿಸಿದರೆ ಶಾಂತವಾಗುತ್ತದೆ ಎಂದು ವಿಡಿಯೊಗಳಲ್ಲಿ ತೋರಿಸುತ್ತಾರಲ್ಲ, ಅದು ಭಯಕ್ಕೆ ಮರಗಟ್ಟಿದ ಮೊಲ. ಇಂಥ ತುರ್ತಿನ ನಂತರ ಪಾಠದಲ್ಲಿ ಒಂದೆರಡು ಹಂತ ಹಿಂದೆ ಹೋಗಿ, ಬಾಗಿಲು ತೆರೆದೇ ಇಟ್ಟು ಮತ್ತೆ ಡಬ್ಬಿಯಿಂದ ಶುರು ಮಾಡಿ.