ಗಾಜಿನ ಮೇಲೆ ಮುತ್ತಿನ ಚಿಪ್ಪು: ನನ್ನ ಅನುಭವ

ಮರದಲ್ಲಾದರೆ ಗುಳಿ ತೋಡಿ ಚಿಪ್ಪು ಕೂರಿಸಬಹುದು, ನುಣುಪು ಗಾಜಿಗೆ ಹಿಡಿತವೆಲ್ಲಿ ಎಂದವರೇ ಹೆಚ್ಚು. ನಾನು ಮಾಡಿದ ದೀಪದ ಲೋಟಗಳಲ್ಲಿ ಎರಡು ಮಳೆಗಾಲ ಕಳೆದರೂ ಒಂದು ಚೂರೂ ಎದ್ದಿಲ್ಲ.

ನಮೂನೆ ತುರ್ಕಿಯ ಆಟೊಮನ್ನರ ಸೆದೆಫ್ ಕೆಲಸದ್ದು, ಅಂದರೆ ಮುತ್ತಿನ ಚಿಪ್ಪು ಕೂರಿಸುವ ಕಸುಬಿನದ್ದು. ಇಸ್ತಾಂಬುಲ್‌ನ ಸುಲ್ತಾನ್ ಅಹ್ಮದ್ ಮಸೀದಿ ಕಟ್ಟಿದ ಮೆಹ್ಮೆದ್ ಆಗಾ ಈ ಕಸುಬಿನವನೇ; ಸೆದೆಫ್‌ಕಾರ್ (ಸೆದೆಫ್ ಕೆಲಸದವನು) ಎಂಬುದು ಅವನ ಹೆಸರಿಗೇ ಸೇರಿಕೊಂಡಿದೆ.

ಮೊದಲು ಕೆಟ್ಟದ್ದು ಕುಲುಮೆಯಲ್ಲಿ. ಎರಡು ಗಾಜಿನ ನಡುವೆ ಚಿಪ್ಪಿಟ್ಟು 780 ಡಿಗ್ರಿಗೆ ಬೆಸೆದೆ. ಹೊಳಪು ಸತ್ತು ಚಿಪ್ಪು ಸುಣ್ಣದಂತಾಯಿತು, ಗಾಜಿನೊಳಗೆ ಗುಳ್ಳೆ ಎದ್ದವು. ಆರು ಸಾವಿರ ರೂಪಾಯಿಯಷ್ಟು ಹೋಯಿತು. ಆಮೇಲೆ ಸೂಪರ್ ಗ್ಲೂ: ಅಂಚಿಗೆ ಬಿಳಿ ಮಂಜು ಕಟ್ಟಿ, ಮಳೆ ಶುರುವಾದೊಡನೆ ಚೂರುಗಳು ಉದುರಿದವು.

ನಿಜವಾದ ಗಂಟು ಇದ್ದದ್ದು ಗಾಜಿನ ಬಾಗಿನಲ್ಲಿ. 8 ಸೆಂ.ಮೀ. ವ್ಯಾಸದ ಲೋಟಕ್ಕೆ 15 ಮಿ.ಮೀ. ಅಗಲದ ಚಪ್ಪಟೆ ಚೂರಿಟ್ಟರೆ ನಡು ತಾಗುತ್ತದೆ, ಅಂಚು 0.7 ಮಿ.ಮೀ. ಮೇಲೆ ನಿಲ್ಲುತ್ತದೆ. 9 ಮಿ.ಮೀ.ಗೆ ಇಳಿಸಿದರೆ ಸಂದು ಕಾಲು ಮಿಲಿಮೀಟರ್. ಅಷ್ಟನ್ನು ಅಂಟು ತುಂಬಿಕೊಳ್ಳುತ್ತದೆ. ಸುತ್ತಳತೆ 251 ಮಿ.ಮೀ., ನಮೂನೆಯ ಹನ್ನೆರಡು ನಕ್ಷತ್ರ ಹಿಡಿಸುತ್ತವೆ. ಒಂದೊಂದಕ್ಕೆ ಆರು ವಜ್ರಾಕಾರದ ಚೂರು, ಒಂದು ಮೊನೆ ನೆಟ್ಟಗೆ ಮೇಲಕ್ಕೆ. ನಕ್ಷತ್ರವನ್ನು ಅಡ್ಡ ತಿರುಗಿಸಿದರೆ ಪಕ್ಕದ ಮೊನೆಗಳು ಏಳುತ್ತವೆ.

ಗಾಜನ್ನು 400ರ ಉಜ್ಜುಕಾಗದದಿಂದ (ಸ್ಯಾಂಡ್‌ಪೇಪರ್) ನೀರು ಹಾಕಿ ಉಜ್ಜಿ ಮಬ್ಬು ಮಾಡಿ, ಆಲ್ಕೋಹಾಲ್‌ನಿಂದ ಒರೆಸಿ, ಯುವಿ ಅಂಟು (ನೇರಳಾತೀತ ಬೆಳಕಿಗೆ ಗಟ್ಟಿಯಾಗುವಂಥದ್ದು) ಹಚ್ಚುತ್ತೇನೆ. ಬೆಳಕು ಕೊಡುವುದು ಲೋಟದ ಒಳಗಿನಿಂದ. ಮೇಲಿನಿಂದ ಕೊಟ್ಟರೆ 1 ಮಿ.ಮೀ. ಚಿಪ್ಪು ತಡೆದು ಅಂಟು ಹಸಿಯಾಗಿಯೇ ಉಳಿಯುತ್ತದೆ. ಸಂದುಗಳಿಗೆ ಕಪ್ಪು ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ), ಎರಡು ಸಲ. ಅದು ಇಳಿದು ಹೋಗದಂತೆ ಬೆರೆಸುವ ಪುಡಿ ಯಾವುದು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೊನೆಗೆ 2000ದ ಕಾಗದದವರೆಗೆ ನೀರಿನಲ್ಲೇ ಉಜ್ಜಬೇಕು. ಚಿಪ್ಪಿನ ದೂಳು ಶ್ವಾಸಕ್ಕೆ ಕೆಟ್ಟದ್ದು, ಮಾಸ್ಕ್ ಬಿಡಬೇಡಿ.

ನಡುವೆ ಇನ್ನೊಂದು ಪ್ರಯೋಗ. ಆಟೊಮನ್ನರು ಆಮೆಚಿಪ್ಪಿನಡಿ ಚಿನ್ನದ ರೇಕು ಹಾಕುತ್ತಿದ್ದರು. ಆ ಚಿಪ್ಪಿನ ವ್ಯಾಪಾರಕ್ಕೆ ಈಗ ನಿಷೇಧವಿದೆ; ನಾನು ರೇಕಿನ ಮೇಲೆ ಜೇನುಬಣ್ಣದ ಎಪಾಕ್ಸಿ ಸುರಿದೆ. ದೀಪ ಹಚ್ಚಿದರೆ ರೇಕು ಕಪ್ಪು ಕಲೆಯಾಗಿ ಕಾಣುತ್ತದೆ, ಹಗಲಿನಲ್ಲಿ ಮಾತ್ರ ಸೊಗಸು. ಹೂದಾನಿಗೆ ಹಾಗೆ ಮಾಡಿ, ದೀಪಕ್ಕೆ ಬೇಡ.

ಒಂದು ಲೋಟಕ್ಕೆ ಸಾಮಗ್ರಿ ಐನೂರರ ಹತ್ತಿರ, ಕೆಲಸ ಹನ್ನೊಂದು ತಾಸು. 2,800ಕ್ಕೆ ಕೊಡುತ್ತೇನೆ, ಚೌಕಾಸಿ ಇಲ್ಲ. ಕೊಂಡವರಿಗೆ ಎರಡು ಮಾತು ಹೇಳಿಯೇ ಕಳಿಸುತ್ತೇನೆ: ಮೇಣದಬತ್ತಿ ಇಡಬೇಡಿ, ಬಿಸಿಗೆ ಎಪಾಕ್ಸಿ ಮೆತ್ತಗಾಗುತ್ತದೆ, ಎಲ್‌ಇಡಿ ಇಡಿ; ನಿಂಬೆಹಣ್ಣು, ವಿನೆಗರ್ ಹಾಕಿ ತೊಳೆಯಬೇಡಿ, ಹುಳಿ ಚಿಪ್ಪನ್ನು ತಿನ್ನುತ್ತದೆ.