ಅರ್ಧ ನಡೆದ ಕಥೆಗೆ ಹೊಸ ಪಾತ್ರವನ್ನು ಕರೆತರುವುದು ಹೇಗೆ?

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಡುತ್ತವೆ, ತಾಳಮದ್ದಳೆ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತಿನಿಂದ ಕುರುಕ್ಷೇತ್ರ ಕಟ್ಟುತ್ತಾರೆ. ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಮಧ್ಯಾಹ್ನ ನಾವು ಆಡುವ ರೋಲ್ ಪ್ಲೇಯಿಂಗ್ ಆಟವೂ ಹೆಚ್ಚುಕಡಿಮೆ ಅದೇ ಕುಲದ್ದು. ಒಬ್ಬರು ಕಥೆ ನಡೆಸುವ ನಿರೂಪಕರು. ಉಳಿದವರು ಒಂದೊಂದು ಪಾತ್ರಕ್ಕೆ ಬಾಯಾಗುತ್ತಾರೆ. ಕೋಟೆಗೋಡೆ ಹತ್ತಲಾಯಿತೇ, ಕತ್ತಿಯೇಟು ತಗುಲಿತೇ ಎಂಬ ಪ್ರಶ್ನೆ ಬಂದಲ್ಲಿ ಇಪ್ಪತ್ತು ಮುಖಗಳ ದಾಳ ತೀರ್ಪು ಕೊಡುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಈ ಬಗೆಯ ಆಟಗಳು ಬೆಳೆದವು. ನಿಯಮ ಅಲ್ಲಿಯದಾದರೂ ನಮ್ಮ ಕಥೆ ಇಲ್ಲಿಯದು: ಕವಲೇದುರ್ಗದ ಕಲ್ಲುಮೆಟ್ಟಿಲು ಹತ್ತಿ ಬಂದವರು ಕಲ್ಪಿಸಿಕೊಂಡ ಘಟ್ಟದ ರಾಜ್ಯ, ಮೆಣಸಿನ ಸುಂಕ, ಕಾನಿನೊಳಗೆ ದಾರಿ ತಪ್ಪಿಸುವ ಮಾಯೆ.

ಇಂಥ ಕಥೆ ವರ್ಷಗಟ್ಟಲೆ ನಡೆಯುತ್ತದೆ. ನಡುವೆ ಹೊಸಬರು ಸೇರಲು ಬಯಸುತ್ತಾರೆ. ಒಮ್ಮೆ ನಾವು ಇಬ್ಬರನ್ನು ಒಂದೇ ದಿನ ಸೇರಿಸಿಕೊಂಡೆವು. ಅವರ ಪಾತ್ರಗಳು ಗುಹೆಯ ಆಚೆ ತುದಿಯಲ್ಲಿದ್ದವು, ನಮ್ಮ ತಂಡ ಈಚೆಗೆ. ಎರಡು ಗಂಟೆ ಅವರು ದಾಳವನ್ನೇ ಮುಟ್ಟದೆ ಅವಲಕ್ಕಿ ತಿನ್ನುತ್ತಾ ಕುಳಿತಿದ್ದರು. ಒಬ್ಬರು ಮತ್ತೆ ಬರಲಿಲ್ಲ. ತಪ್ಪು ಅವರದಲ್ಲ, ನಮ್ಮದು. ಅಂದಿನಿಂದ ಹೊಸ ಪಾತ್ರದ ಪ್ರವೇಶಕ್ಕೆ ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ.

ಮೊದಲು ಜಾಗ ಇದೆಯೇ ಎಂದು ಲೆಕ್ಕ ಹಾಕಿ. ಒಬ್ಬರ ಸರದಿಗೆ ಮೂರು ನಿಮಿಷ ಎಂದುಕೊಂಡರೂ ಆರು ಮಂದಿಯ ಕಾಳಗದಲ್ಲಿ ಒಂದು ಸುತ್ತಿಗೆ ಹದಿನೆಂಟು ನಿಮಿಷ ಬೇಕು. ತನ್ನ ಸರದಿಗಾಗಿ ಪ್ರತಿಯೊಬ್ಬರೂ ಕಾಲು ಗಂಟೆ ಕಾಯಬೇಕು. ನಾಲ್ಕೈದು ಆಟಗಾರರಿದ್ದರೆ ಆಟ ಚೆನ್ನಾಗಿ ಸಾಗುತ್ತದೆ, ಆರು ಮಿತಿ. ಈಗಾಗಲೇ ಆಡುತ್ತಿರುವವರನ್ನೂ ಕೇಳಿ, ಯಾರಿಗಾದರೂ ಮನಸ್ಸಿಲ್ಲದಿದ್ದರೆ ಅದನ್ನು ಗೌರವಿಸಿ. ಹಾಗೆಯೇ, ಒಮ್ಮೆಗೆ ಒಬ್ಬರನ್ನೇ ಸೇರಿಸಿಕೊಳ್ಳಿ.

ನಂತರ ನಿರೂಪಕರು ಹೊಸಬರೊಂದಿಗೆ ಒಂದು ಗಂಟೆ ಬೇರೆಯಾಗಿ ಕುಳಿತು ಮಾತನಾಡಬೇಕು. ಹಿಂದಿನ ಕಥೆಯನ್ನೆಲ್ಲ ಹೇಳುವ ಆಸೆ ಬೇಡ. ನಾವು ಈಗ ಎಲ್ಲಿದ್ದೇವೆ, ನಮ್ಮನ್ನು ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ, ಯಾವ ಕೆಲಸ ತುರ್ತು ಎಂಬ ಮೂರು ಸಂಗತಿ ಸಾಕು. ಕಥೆಯಲ್ಲಿ ಏನು ಬರಬಾರದು ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಿ. ಮಕ್ಕಳ ಮೇಲಿನ ಹಿಂಸೆ, ಜಾತಿಯ ಹೆಸರಿನಲ್ಲಿ ನಿಂದೆ ನಮ್ಮ ಜಗಲಿಗೆ ಬರುವುದಿಲ್ಲ. ಭೂತ, ಚೌಡಿಗಳನ್ನು ನಂಬಿ ಪೂಜಿಸುವ ಮನೆಯವರು ನಮ್ಮೊಂದಿಗೆ ಆಡುತ್ತಾರೆ. ಅವರ ದೈವವನ್ನು ಕತ್ತಿಯಿಂದ ಕಡಿಯಬೇಕಾದ ರಾಕ್ಷಸನನ್ನಾಗಿ ಮಾಡಿದರೆ ಆಟವೇ ಕೆಡುತ್ತದೆ.

ಮೂರನೆಯದು ಲೆವೆಲ್, ಅಂದರೆ ಪಾತ್ರದ ಶಕ್ತಿ ಏರುವ ಮೆಟ್ಟಿಲು. ಹೊಸಬರು ಒಂದನೇ ಲೆವೆಲ್‌ನಿಂದ ಶುರು ಮಾಡಿ ಕಷ್ಟಪಟ್ಟು ಮೇಲೆ ಬರಲಿ ಎಂದು ಕೆಲವರು ವಾದಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮವನ್ನೇ ತೆಗೆದುಕೊಳ್ಳಿ. ಒಂದನೇ ಲೆವೆಲ್‌ನ ಮಂತ್ರವಾದಿಗೆ ಇರುವ ಜೀವಾಂಕ, ಅಂದರೆ ಎಷ್ಟು ಪೆಟ್ಟು ತಾಳಬಲ್ಲ ಎಂಬ ಲೆಕ್ಕ, ಏಳರ ಆಸುಪಾಸು. ಐದನೇ ಲೆವೆಲ್‌ನ ಗಟ್ಟಿಮುಟ್ಟಾದ ಯೋಧನಿಗೆ 44ರಷ್ಟಿರುತ್ತದೆ, ಒಂದೇ ಸರದಿಯಲ್ಲಿ ಆತ ಎರಡು ಬಾರಿ ಕತ್ತಿ ಬೀಸಬಲ್ಲ. ಆ ಹಂತದ ಎದುರಾಳಿ ಎಸೆಯುವ ಬೆಂಕಿಯುಂಡೆಗೆ ಆರು ಮುಖದ ಎಂಟು ದಾಳ ಉರುಳುತ್ತವೆ, ಸರಾಸರಿ ಪೆಟ್ಟು 28. ಯೋಧ ಮೈ ಕೊಡವಿಕೊಂಡು ಏಳುತ್ತಾನೆ. ಹೊಸ ಮಂತ್ರವಾದಿ ತಪ್ಪಿಸಿಕೊಳ್ಳದಿದ್ದರೆ ಮೂರ್ಛೆ ಹೋಗುವುದೂ ಇಲ್ಲ, ಸ್ಥಳದಲ್ಲಿಯೇ ಸಾಯುತ್ತಾನೆ. ಏಕೆಂದರೆ ಜೀವಾಂಕ ಸೊನ್ನೆಗಿಳಿದ ಮೇಲೂ ಉಳಿಯುವ ಪೆಟ್ಟು ಅವನ ಪೂರ್ಣ ಜೀವಾಂಕಕ್ಕಿಂತ ಹೆಚ್ಚು. ಬಂದ ದಿನವೇ ಹೀಗಾದರೆ ಆ ಆಟಗಾರರಿಗೆ ಏನು ಉಳಿಯಿತು? ತಂಡ ಯಾವ ಲೆವೆಲ್‌ನಲ್ಲಿದೆಯೋ ಅಲ್ಲಿಂದಲೇ ಹೊಸ ಪಾತ್ರ ಶುರುವಾಗಲಿ. ನಿಯಮಗಳಿಗೇ ಹೊಸಬರಾದರೆ ಪಾತ್ರದ ಹಾಳೆಯಲ್ಲಿ ಅಂದು ಬೇಕಾಗುವ ಐದಾರು ಶಕ್ತಿಗಳಿಗಷ್ಟೇ ಗುರುತು ಹಾಕಿಕೊಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೆಲಸ, ನಂಟು ಕಟ್ಟುವುದು. ಹೊಸಬರು ಸಾಮಾನ್ಯವಾಗಿ ಪಾತ್ರದ ಪೂರ್ವಕಥೆಯನ್ನು ನಾಲ್ಕು ಪುಟ ಬರೆದುಕೊಂಡು ಬರುತ್ತಾರೆ. ಪ್ರೀತಿಯಿಂದ ಬರೆದಿರುತ್ತಾರೆ, ಪೂರ್ತಿ ಓದಿ. ಓದಿದ ಮೇಲೆ ಎರಡು ಪ್ರಶ್ನೆ ಕೇಳಿ: ಈ ಪಾತ್ರಕ್ಕೆ ನಮ್ಮ ತಂಡದ ಯಾರೊಂದಿಗೆ ಹಳೆಯ ಸಂಬಂಧವಿದೆ? ನಮ್ಮ ಕಥೆಯಲ್ಲಿ ಇದಕ್ಕೆ ಏನು ಬೇಕಾಗಿದೆ? ಇವೆರಡಕ್ಕೆ ಉತ್ತರ ಸಿಗದಿದ್ದರೆ ನಾಲ್ಕು ಪುಟವಿದ್ದರೂ ಆ ಪಾತ್ರ ತಂಡದ ಹಿಂದೆ ಸುಮ್ಮನೆ ನಡೆಯುತ್ತದೆ.

ಸಾಗರದಿಂದ ಬರುವ ಗೆಳತಿಯೊಬ್ಬರು ಶಾನುಭೋಗರ ಮಗಳ ಪಾತ್ರ ಬೇಕೆಂದರು. ಕೆಳದಿಯ ಶಿವಪ್ಪ ನಾಯಕ ಭೂಮಿ ಅಳೆಸಿ ಗೊತ್ತುಮಾಡಿದ ಕಂದಾಯ ವ್ಯವಸ್ಥೆಗೆ ‘ಶಿಸ್ತು’ ಎಂಬ ಹೆಸರಿದೆಯಲ್ಲ, ಅದರ ನೆನಪಿನಲ್ಲಿ ಹುಟ್ಟಿದ ಪಾತ್ರ. ತಂಡದಲ್ಲಿ ಮೊದಲೇ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಒಬ್ಬ ಕೊನೆಗಾರನಿದ್ದ, ತೋಟ ಬಿಟ್ಟು ಕತ್ತಿ ಹಿಡಿದವನು. ನಾವು ಮೂವರು ಕುಳಿತು ಹೀಗೆ ಕಟ್ಟಿದೆವು: ಕೊಳೆರೋಗ ಬಂದು ತೋಟವೆಲ್ಲ ಉದುರಿದ ವರ್ಷ ಶಾನುಭೋಗರು ಆ ಕೊನೆಗಾರನ ತಂದೆಯ ಬಾಕಿಯನ್ನು ಗುಟ್ಟಾಗಿ ಹೊಡೆದುಹಾಕಿದ್ದರು. ಅದೇ ಕಾರಣಕ್ಕೆ ಸೆರೆಗೆ ಹೋದರು. ಮಗಳಿಗೆ ತಂದೆಯ ಬಿಡುಗಡೆ ಬೇಕು, ಕೊನೆಗಾರನ ಹೆಗಲ ಮೇಲೆ ಋಣವಿದೆ. ಮೂರು ವಾಕ್ಯದಲ್ಲಿ ಇಬ್ಬರಿಗೂ ಮಾತನಾಡಲು ತಿಂಗಳುಗಟ್ಟಲೆಯ ಸರಕು ಸಿಕ್ಕಿತು. ಹಳೆಯ ಆಟಗಾರರ ಒಪ್ಪಿಗೆಯಿಲ್ಲದೆ ಅವರ ಪಾತ್ರಕ್ಕೆ ಇಂಥ ನಂಟು ಅಂಟಿಸಬೇಡಿ.

ಪ್ರವೇಶದ ದಿನ ಮೊದಲ ಹದಿನೈದು ನಿಮಿಷದೊಳಗೆ ಪಾತ್ರ ರಂಗದಲ್ಲಿರಬೇಕು. ಯಕ್ಷಗಾನದ ಒಡ್ಡೋಲಗವನ್ನು ನೆನಪಿಸಿಕೊಳ್ಳಿ. ವೇಷ ತೆರೆಯ ಹಿಂದಿನಿಂದ ಬರುವುದಕ್ಕೇ ಒಂದು ಗತ್ತಿದೆ, ಅದಕ್ಕೆಂದೇ ಚೆಂಡೆ ಮದ್ದಳೆ ನುಡಿಯುತ್ತವೆ. ನಿರೂಪಕರೂ ಆ ಹೊತ್ತು ಕಥೆ ನಿಲ್ಲಿಸಿ ಹೊಸಬರತ್ತ ತಿರುಗಿ ಕೇಳಲಿ: ‘ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಸುಂಕದಕಟ್ಟೆಗೆ ಯಾರೋ ಬರುತ್ತಿದ್ದಾರೆ. ನೋಡಿದವರಿಗೆ ಮೊದಲು ಕಾಣುವುದೇನು?’ ಉತ್ತರ ಹೊಸಬರದೇ ಆಗಿರಲಿ. ಜೊತೆಗೆ ಅವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನು ಮೊದಲೇ ಕೊಟ್ಟಿರಿ. ಶಾನುಭೋಗರ ಮಗಳ ಬಳಿ ತಂದೆಯ ಕಡತವಿತ್ತು. ಪ್ರತಿವರ್ಷ ಕಂದಾಯ ಕಟ್ಟುವ, ಆದರೆ ಯಾವ ದಾರಿಯಲ್ಲಿ ಹೋದರೂ ಸಿಗದ ಒಂದು ಹಳ್ಳಿ ಅದರಲ್ಲಿತ್ತು. ಮೂರು ವಾರದಿಂದ ದಾರಿ ಕಾಣದೆ ಕುಳಿತಿದ್ದ ತಂಡ ಆಕೆಯ ಸುತ್ತ ನೆರೆಯಿತು.

ಹಳಬರಲ್ಲಿ ಒಬ್ಬರನ್ನು ಜೊತೆಗಾರರಾಗಿ ನೇಮಿಸಿ. ನಿಯಮ ಹೇಳಿಕೊಡುವುದು ಅವರ ಕೆಲಸದಲ್ಲಿ ಸಣ್ಣ ಭಾಗ. ಅರ್ಧ ಗಂಟೆಗೊಮ್ಮೆಯಾದರೂ ಪಾತ್ರದ ಬಾಯಿಂದ ಹೊಸಬರಿಗೊಂದು ಪ್ರಶ್ನೆ ಎಸೆಯುವುದು ದೊಡ್ಡ ಭಾಗ. ಒಳ್ಳೆಯ ಅರ್ಥಧಾರಿ ಎದುರಿನವರಿಗೆ ಎತ್ತಿಕೊಳ್ಳಲು ಒಂದು ಎಳೆಯನ್ನು ಬಿಟ್ಟೇ ಮಾತು ಮುಗಿಸುತ್ತಾನೆ.

ತಂಡಕ್ಕೆ ಒಬ್ಬರು ಹೆಚ್ಚಾದ್ದರಿಂದ ಎದುರಾಳಿಗಳ ಬಲವನ್ನೂ ಸ್ವಲ್ಪ ಏರಿಸಿ. ಇರುವ ರಾಕ್ಷಸನನ್ನು ದೊಡ್ಡವನನ್ನಾಗಿಸುವುದಕ್ಕಿಂತ ಅವನಿಗೆ ಒಂದಿಬ್ಬರು ಸಹಾಯಕರನ್ನು ಕೊಡುವುದು ಸುಲಭ.

ಕೊನೆಗೆ, ಹೊರಹೋಗುವ ಬಾಗಿಲನ್ನೂ ಮೊದಲೇ ಇಟ್ಟಿರಿ. ಅಡಿಕೆ ಕೊಯ್ಲು ಶುರುವಾದರೆ ತೋಟವಿರುವ ಗೆಳೆಯರು ತಿಂಗಳುಗಟ್ಟಲೆ ಪೇಟೆಯತ್ತ ಬರುವುದಿಲ್ಲ. ಅವರ ಪಾತ್ರವನ್ನು ಕೊಲ್ಲುವುದಾಗಲಿ, ಬೇರೆಯವರು ಆಡಿಸುವುದಾಗಲಿ ಬೇಡ. ಶಾನುಭೋಗರ ಮಗಳು ತಂದೆಯನ್ನು ನೋಡಲು ಬಿದನೂರಿನ ಸೆರೆಮನೆಗೆ ಹೋಗಬಹುದೆಂದು ನಾವು ಮೊದಲ ದಿನವೇ ಬರೆದಿಟ್ಟುಕೊಂಡಿದ್ದೆವು. ನವೆಂಬರಿನಲ್ಲಿ ಆಕೆ ಹೋದಳು, ಕಡತವನ್ನು ಕೊನೆಗಾರನ ಜೋಳಿಗೆಯಲ್ಲಿಟ್ಟು. ಕೊಯ್ಲು ಮುಗಿಸಿ ಗೆಳತಿ ಬಂದ ಭಾನುವಾರ ನಿರೂಪಕರು ಹೆಚ್ಚೇನೂ ಹೇಳಲಿಲ್ಲ. ಸುಂಕದಕಟ್ಟೆಯ ಬಾಗಿಲು ಬಡಿದ ಸದ್ದು ಮಾಡಿದರು. ಕೊನೆಗಾರ ಎದ್ದು ಕಡತವನ್ನು ಹೊರಗೆ ತೆಗೆದ.